ಎಂಟನೇ ನಂಬರಿನ ಬೆನ್ನು

ಅವನ ಮುಖ ಕೇಳಬೇಡಿ, ನನಗೆ ಗೊತ್ತಿರುವುದು ಬೆನ್ನು.
ಆರು ಸೀಸನ್ನು ಗೋಲಿನ ಕಂಬಗಳ ನಡುವೆ ನಿಂತು
ಬಾಯಿಪಾಠ ಮಾಡಿದ್ದು ಅದೊಂದನ್ನೇ:
ಬೆವರಿಗೆ ಅಂಟಿದ ಜೆರ್ಸಿ, ಹೊಲಿಗೆ ಬಿಟ್ಟ ಎಂಟು,
ಬಲ ಹೆಗಲಿಗಿಂತ ಒಂದು ಬೆರಳು ಕೆಳಗಿದ್ದ ಎಡ ಹೆಗಲು.

ಹೆಸರು ಯೇಸುಪಾದಂ. ಕೆಜಿಎಫ್‌ನವನು,
ಗಣಿ ಮುಚ್ಚಿದ ಮೂರನೇ ವರ್ಷ ಬಹರೈನಿಗೆ ಬಂದವನು.
ಸೈನೈಡ್ ಗುಡ್ಡದ ತಪ್ಪಲಲ್ಲಿ ಚೆಂಡು ಕಲಿತವನಿಗೆ
ಮುಹರಕ್ಕಿನ ಮರಳು ಮೈದಾನ ಯಾವ ಲೆಕ್ಕ!
"ಅಲ್ಲೂ ಹುಲ್ಲಿಲ್ಲ ಭಾಯಿ, ಇಲ್ಲೂ ಹುಲ್ಲಿಲ್ಲ.
ಇಲ್ಲಾದರೆ ಗಾಯಕ್ಕೆ ಉಪ್ಪು ಫ್ರೀ."

ನಮ್ಮ ಈಜಿಪ್ಟಿನ ಕೋಚ್‌ಗೆ 'ಪ' ನಾಲಿಗೆಗೆ ಹತ್ತುತ್ತಿರಲಿಲ್ಲ.
ಪಾದಂ ಹೋಗಿ ಬಾದಂ ಆಯಿತು.
ಎರಡನೇ ದರ್ಜೆಯ ಕ್ಲಬ್ಬಿನ ರಿಜಿಸ್ಟರಿನಲ್ಲೂ ಬಾದಂ,
ಪಂದ್ಯಕ್ಕೆ ಇಪ್ಪತ್ತೈದು ದಿನಾರ್, ಗೆದ್ದರೆ ಇನ್ನೈದು.
ಸಹಿ ಹಾಕುತ್ತ ನಕ್ಕಿದ್ದ:
"ಅಮ್ಮನಿಗೆ ಏನಂತ ಬರೆಯಲಿ,
ಯೇಸುವಿನ ಪಾದ ಇಲ್ಲಿ ಡ್ರೈಫ್ರೂಟ್ ಅಂಗಡಿ ಸೇರಿತು ಅಂತಲಾ?"

ಹಗಲು ಅವನು ಡ್ರೈಡಾಕಿನ ಉಗ್ರಾಣದಲ್ಲಿ ವಾಲ್ವು ಎಣಿಸುತ್ತಿದ್ದ,
ನಾನು ಹಡಗಿನ ಹೊಟ್ಟೆಗೆ ಬಣ್ಣ ಹೊಡೆಯುತ್ತಿದ್ದೆ.
ಮಗ್ರಿಬ್ ಬಾಂಗು ಮುಗಿದು ದೀಪದ ಕಂಬಗಳು ಗುಂಯ್ಗುಟ್ಟುವ ಹೊತ್ತಿಗೆ
ಕ್ಲಬ್ಬಿನ ಹಿಂಬಾಗಿಲಲ್ಲಿ ಕೂತು ಬೂಟಿನ ದಾರ ಬಿಗಿಯುತ್ತಿದ್ದೆವು.
ಆಗಸ್ಟಿನಲ್ಲಿ ಅಲ್ಲಿ ಉಸಿರು ಎಳೆಯಲಾಗದು,
ಕುಡಿಯಬೇಕು.

ಚೆಂಡು ಬರುವ ಮೊದಲು ಎರಡು ಸಲ ತಿರುಗಿ ನೋಡುತ್ತಿದ್ದ,
ಎಡಕ್ಕೊಮ್ಮೆ, ಬಲಕ್ಕೊಮ್ಮೆ, ರಸ್ತೆ ದಾಟುವ ಮುದುಕಿಯ ಹಾಗೆ.
ಆಗಷ್ಟೇ ನನಗೆ ಸಿಗುತ್ತಿದ್ದುದು ಅವನ ಅರ್ಧ ಮುಖ.
ಆಮೇಲೆ ಚೆಂಡು ಅವನ ಕಾಲಲ್ಲಿ ನಿಂತದ್ದನ್ನು ಕಂಡವರಿಲ್ಲ.
ಟವೆಲ್ಲಿನಡಿ ಬೆರಳು ಮುಟ್ಟಿ ದರ ಮುಗಿಸುವ ದಲ್ಲಾಳಿಯ ಹಾಗೆ
ವ್ಯವಹಾರ ಅಲ್ಲೇ ಮುಗಿದಿರುತ್ತಿತ್ತು.
ಗೋಲು ಹೊಡೆದದ್ದು ನೈಜೀರಿಯಾದ ಹುಡುಗ, ಪೇಪರಿನಲ್ಲಿ ಅವನ ಫೋಟೋ.
ಬಾದಂನ ಲೆಕ್ಕ: ಕ್ಲಬ್ಬಿಗೆ ನಾಲ್ಕು ವರ್ಷ, ಎರಡು ಗೋಲು,
ಅದರಲ್ಲೊಂದು ನಮ್ಮದೇ ಬಲೆಗೆ.

ಆ ಮೈದಾನದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.
ಅವನ ಮನೆಮಾತು ತೆಲುಗು, ನನ್ನದು ಬ್ಯಾರಿ,
ಅವನ ಕೋಲಾರದ ಕನ್ನಡ ಕೇಳಿದರೆ
ನನ್ನ ಉಳ್ಳಾಲದ ಕನ್ನಡ ಹುಬ್ಬು ಹಾರಿಸುತ್ತಿತ್ತು.
ಆದರೂ ಎದುರಾಳಿಗೆ ತಿಳಿಯದ ನಾಲ್ಕು ಮಾತು ಸಾಕಿತ್ತು:
ಹಿಂದೆ. ತಿರುಗು. ಕೊಡು. ಬಿಡು.

ಆ ಶುಕ್ರವಾರ ಡ್ರಾ ಆಗಿದ್ದರೂ ಮೇಲಿನ ದರ್ಜೆಗೆ ಏರುತ್ತಿದ್ದೆವು.
ಎಂಬತ್ತೆಂಟನೇ ನಿಮಿಷ. ಎತ್ತರದ ಚೆಂಡು, ದೀಪದ ಒಳಗಿಂದ ಇಳಿಯುತ್ತ.
ಅವನು ಓಡೋಡಿ ಹಿಂದೆ ಬಂದು, ಜಿಗಿಯಲು ಮಂಡಿ ಬಗ್ಗಿಸಿದ್ದ.
ನಾನು ಕೂಗಿದೆ: ಬಿಡು!
ಬಿಟ್ಟ.
ನನ್ನ ಕೈಗವಸಿಗೆ ಸಿಕ್ಕಿದ್ದು ಬರೀ ಬೆಳಕು.

ಕೋಚ್ ಬೈದದ್ದು ಅವನನ್ನು. ಕಾಲಿಗೆ ಬಂದ ಚೆಂಡಲ್ಲ, ತಲೆಗೆ ಬಂದದ್ದು,
ಯಾಕೆ ಬಿಟ್ಟೆ, ಎಷ್ಟು ತಿಂದೆ ಅಂತೆಲ್ಲ, ಅರಬಿಯಲ್ಲಿ.
ನನ್ನ ಕೂಗು ಎಲ್ಲರಿಗೂ ಕೇಳಿತ್ತು, ಯಾರಿಗೂ ತಿಳಿದಿರಲಿಲ್ಲ.
ಅವನು ಬಾಯಿ ತೆರೆಯಲಿಲ್ಲ.
ನಾನು ಬೂಟಿನ ಮರಳು ಕೊಡವುತ್ತ ಕೂತೆ,
ಮರಳು ಮುಗಿದ ಮೇಲೂ ಕೊಡವಿದೆ.
ಮುಂದಿನ ಸೀಸನ್ನಿಗೆ ಎಂಟನೇ ನಂಬರು ಘಾನಾದವನೊಬ್ಬನ ಪಾಲಾಯಿತು.
ಒಂದನೇ ನಂಬರು ನನ್ನ ಮೈಮೇಲೇ ಉಳಿಯಿತು.

ಈಗ ಅವನು ರಿಫಾದಲ್ಲಿ ಶಾಲೆಯ ಬಸ್ಸು ಓಡಿಸುತ್ತಾನೆ.
ಮೊನ್ನೆ ಖಾಲಿ ಬಸ್ಸಿಗೆ ಹತ್ತಿಸಿಕೊಂಡ. ಹಿಂದಿನ ಸೀಟಿನಲ್ಲಿ ಕೂತೆ.
ಮತ್ತೆ ಅದೇ ಬೆನ್ನು, ಸ್ವಲ್ಪ ಅಗಲವಾಗಿದೆ,
ಮೇಲಿನ ಕನ್ನಡಿಯಲ್ಲಿ ಅರ್ಧ ಮುಖ.
ಲೇನು ಬದಲಿಸುವ ಮೊದಲು ಎಡಕ್ಕೊಮ್ಮೆ, ಬಲಕ್ಕೊಮ್ಮೆ.
ಹನ್ನೊಂದು ವರ್ಷ ಗಂಟಲಲ್ಲಿದ್ದದ್ದನ್ನು ಶುರು ಮಾಡಿದೆ:
"ಆವತ್ತು ಕೂಗಿದ್ದು ನಾನು..."
"ಬಿಡು," ಅಂದ.

ಕ್ಷಮೆಯೋ, ನನ್ನದೇ ಕೂಗನ್ನು ತಿರುಗಿಸಿ ಕೊಟ್ಟದ್ದೋ,
ಕನ್ನಡದಲ್ಲಿ ಎರಡಕ್ಕೂ ಅದೇ ಮಾತು.
ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದ. ಯಾವುದೋ ಮಗು ಮರೆತ ನೀರಿನ ಬಾಟಲಿ
ಸೀಟುಗಳಡಿ ಉರುಳುತ್ತ ಮುಂದೆ ಹೋಯಿತು.
ಅವನು ನೋಡಲಿಲ್ಲ. ಎಡ ಹಿಮ್ಮಡಿಯಿಂದ ತಡೆದು
ನನ್ನ ಕಡೆಗೆ ತಳ್ಳಿದ, ನೇರಕ್ಕೆ, ಹದವಾಗಿ.

ತಮ್ಮವ ಕಾಲಲ್ಲಿ ಹಿಂದಕ್ಕೆ ಕೊಟ್ಟದ್ದನ್ನು
ಗೋಲ್‌ಕೀಪರ್ ಕೈಯಲ್ಲಿ ಮುಟ್ಟಬಾರದು, ನಿಯಮ.
ಎರಡೂ ಕೈಯಲ್ಲಿ ಹಿಡಿದುಕೊಂಡೆ.